ಹನ್ನೆರಡು ತುಂಡು, ಒಂದು ಬೋಗುಣಿ

ಎತ್ತಿನ ಗಾಡಿಯ ಚಕ್ರವನ್ನು ಹತ್ತಿರದಿಂದ ನೋಡಿದ್ದೀರಾ? ದೂರಕ್ಕೆ ಒಂದೇ ಮರದ ಬಳೆಯಂತೆ ಕಾಣುವ ಅದರ ಅಂಚು ನಿಜವಾಗಿ ಹಲವು ತುಂಡುಗಳ ಜೋಡಣೆ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಅದರ ಸುತ್ತ ತೊಡಿಸಿ ನೀರು ಸುರಿದಾಗ ಪಟ್ಟಿ ಕುಗ್ಗಿ ತುಂಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಮರದ ತುಂಡುಗಳನ್ನು ಹೀಗೆ ಉಂಗುರವಾಗಿ ಜೋಡಿಸಿ ಬೋಗುಣಿಯನ್ನೂ ಮಾಡಬಹುದು. ಅಲ್ಲಿ ಕಬ್ಬಿಣದ ಪಟ್ಟಿ ಇರುವುದಿಲ್ಲ. ಅಂಟು ಮತ್ತು ರೇಖಾಗಣಿತ, ಇವೆರಡೇ ಆಧಾರ.

ಮರವನ್ನು ದುಂಡಗೆ ಕಡೆಯುವ ಯಂತ್ರವೇ ಲೇತ್. ಚನ್ನಪಟ್ಟಣದ ಗೊಂಬೆಗಳು ಹುಟ್ಟುವುದು ಇದರ ಮೇಲೆ. ಮರ ಗಿರ್ರನೆ ತಿರುಗುತ್ತಿರುವಾಗ ಕುಶಲಕರ್ಮಿ ಉಳಿಯನ್ನು ಒತ್ತಿ ಹಿಡಿದು ಆಕಾರ ಕೊಡುತ್ತಾನೆ. ನಂತರ ಬಣ್ಣದ ಅರಗಿನ ಕಡ್ಡಿಯನ್ನು ತಾಗಿಸುತ್ತಾನೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಈ ಗೊಂಬೆಗಳ ಒಂದೊಂದು ಭಾಗವೂ ಒಂದೇ ಮರದ ತುಂಡಿನಿಂದ ಕಡೆದದ್ದು, ಚಿಕ್ಕದಾದ್ದರಿಂದ ತೊಂದರೆಯಿಲ್ಲ. ಆದರೆ ಒಂದಡಿ ಅಗಲದ ಬೋಗುಣಿಯನ್ನು ಒಂದೇ ದಿಮ್ಮಿಯಿಂದ ಕಡೆಯಹೊರಟರೆ ಮರದ ಸ್ವಭಾವ ಅಡ್ಡ ಬರುತ್ತದೆ.

ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವುದು ನಿಮಗೆಲ್ಲ ಗೊತ್ತು. ಆಗ ಬಾಗಿಲು ಅಗಲದಲ್ಲಿ ಹಿಗ್ಗುತ್ತದೆಯೇ ಹೊರತು ಅದರ ಉದ್ದನೆಯ ಹಲಗೆಗಳು ಉದ್ದದಲ್ಲಿ ಬೆಳೆಯುವುದಿಲ್ಲ. ಮರವೆಂದರೆ ಒತ್ತಾಗಿ ಕಟ್ಟಿದ ನಾರಿನ ಕೊಳವೆಗಳ ಹೊರೆ. ತೇವ ಹೀರಿದಾಗ ಕೊಳವೆಯ ಗೋಡೆ ದಪ್ಪವಾಗುತ್ತದೆ, ಉದ್ದ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹಸಿ ಮರ ಪೂರ್ತಿ ಒಣಗುವಾಗ ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಸುಮಾರು ಶೇ. 4ರಷ್ಟು ಕುಗ್ಗಿದರೆ, ವಾರ್ಷಿಕ ಉಂಗುರಗಳ ಗುಂಟ ಸಾಮಾನ್ಯವಾಗಿ ಅದರ ಎರಡರಷ್ಟು ಕುಗ್ಗುತ್ತದೆ. ಎರಡು ದಿಕ್ಕಿನಲ್ಲಿ ಎರಡು ಬಗೆ! ದುಂಡಗೆ ಕಡೆದ ಹಸಿ ಮರದ ಬೋಗುಣಿ ಒಣಗಿದ ಮೇಲೆ ಮೊಟ್ಟೆಯಾಕಾರ ತಾಳುವುದು, ಕೆಲವೊಮ್ಮೆ ಸೀಳುವುದು ಇದೇ ಕಾರಣಕ್ಕೆ.

ಒಣಗಿದ ಮರದ ಚಿಕ್ಕ ತುಂಡುಗಳನ್ನು ಉಂಗುರವಾಗಿ ಜೋಡಿಸಿದರೆ ನಾರಿನ ಎಳೆಗಳು ಉಂಗುರದ ಸುತ್ತಲೂ ಸಾಗುತ್ತವೆ. ಎಳೆಯ ಉದ್ದ ಬದಲಾಗದ್ದರಿಂದ ಬೋಗುಣಿಯ ಸುತ್ತಳತೆಯೂ ಹೆಚ್ಚು ಬದಲಾಗುವುದಿಲ್ಲ. ಹಿಗ್ಗು–ಕುಗ್ಗು ಏನಿದ್ದರೂ ಗೋಡೆಯ ದಪ್ಪದಲ್ಲಿ, ಎತ್ತರದಲ್ಲಿ ಸ್ವಲ್ಪ ಮಾತ್ರ.

ಈಗ ಲೆಕ್ಕಕ್ಕೆ ಬರೋಣ. ಹನ್ನೆರಡು ತುಂಡುಗಳ ಉಂಗುರದಲ್ಲಿ ಪ್ರತಿ ತುಂಡಿನ ಪಾಲಿಗೆ 360ನ್ನು 12ರಿಂದ ಭಾಗಿಸಿದಾಗ ಬರುವ 30 ಡಿಗ್ರಿ. ತುಂಡಿಗೆ ಎರಡು ತುದಿ. ಆದ್ದರಿಂದ ಒಂದೊಂದು ತುದಿಯನ್ನು 15 ಡಿಗ್ರಿ ಓರೆಯಾಗಿ ಕೊಯ್ಯಬೇಕು. ತುಂಡಿನ ಆಕಾರ ನೀವು ಓದಿದ ತ್ರಾಪಿಜ್ಯವೇ. ಉಂಗುರದ ವ್ಯಾಸ 24 ಸೆಂ.ಮೀ. ಬೇಕೆಂದರೆ ಹೊರಬದಿಯ ಉದ್ದ ಸುಮಾರು 6.4 ಸೆಂ.ಮೀ. ಜೋಡಿಸಿದಾಗ ಸಿಗುವುದು ವೃತ್ತವಲ್ಲ, ಹನ್ನೆರಡು ಬಾಹುಗಳ ಬಹುಭುಜ. ಅದರ ಮೂಲೆಗಳು ವೃತ್ತದಿಂದ ಸುಮಾರು 4 ಮಿ.ಮೀ. ಹೊರಚಾಚಿರುತ್ತವೆ. ಅಷ್ಟನ್ನು ಲೇತ್ ಮೇಲೆ ಉಳಿ ಸವರಿಹಾಕುತ್ತದೆ.

ಕಾಗದದ ಮೇಲೆ ಇದು ಸುಲಭ. ಗರಗಸ ಹಿಡಿದಾಗ ಪರೀಕ್ಷೆ ಶುರು. ಪ್ರತಿ ತುದಿಯಲ್ಲಿ ಅರ್ಧ ಡಿಗ್ರಿ ತಪ್ಪಿತೆನ್ನಿ. ಅರ್ಧ ಡಿಗ್ರಿ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ತುದಿಗಳು 24. ಎಲ್ಲ ತಪ್ಪೂ ಒಂದೇ ಕಡೆಗೆ ವಾಲಿದ್ದರೆ ಒಟ್ಟು 12 ಡಿಗ್ರಿ! ಕೊನೆಯ ತುಂಡಿನ ಪಕ್ಕ ಹೊರಅಂಚಿನಲ್ಲಿ ಸುಮಾರು ಎರಡೂವರೆ ಸೆಂ.ಮೀ. ಬಾಯಿ ತೆರೆದುಕೊಂಡಿರುತ್ತದೆ. ಹನ್ನೊಂದು ಕೂಡುಗಳೂ ಸರಿಯಾಗಿಯೇ ಕಂಡಿರುತ್ತವೆ. ಅವೆಲ್ಲದರ ತಪ್ಪು ಹನ್ನೆರಡನೆಯದರ ತಲೆಗೆ ಬರುತ್ತದೆ. ತುಂಡುಗಳನ್ನು ಹೆಚ್ಚಿಸಿದರೆ ಉಂಗುರ ವೃತ್ತಕ್ಕೆ ಇನ್ನೂ ಹತ್ತಿರವಾಗುತ್ತದೆ ನಿಜ. ಆದರೆ 18 ತುಂಡಿಗೆ 36 ತುದಿ. ಅದೇ ಅರ್ಧ ಡಿಗ್ರಿ ಈಗ 18 ಡಿಗ್ರಿಯಾಗುತ್ತದೆ.

ಆ ಸಂದಿಗೆ ಅಂಟು ಮತ್ತು ಮರದ ಪುಡಿ ಕಲಸಿ ತುಂಬಿದರೆ ಆಗದೇ ಎಂದು ಕೇಳಬಹುದು. ಕಣ್ಣಿಗೆ ಮುಚ್ಚುತ್ತದೆ, ಬಲ ಬರುವುದಿಲ್ಲ. 24 ಸೆಂ.ಮೀ. ವ್ಯಾಸದ ಉಂಗುರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 45 ಕಿ.ಮೀ. ಆ ವೇಗದಲ್ಲಿ ಕಳಚಿದ ತುಂಡು ಎದುರು ನಿಂತವರ ಮುಖಕ್ಕೇ ಬರಬಹುದು. ಸಾಲದ್ದಕ್ಕೆ ಇಲ್ಲಿ ಅಂಟುವುದು ನಾರಿನ ಕೊಯ್ದ ಬಾಯಿಗಳು. ಅವು ಅಂಟನ್ನು ಹೀರಿಬಿಡುವುದರಿಂದ ಕೂಡು ಸಹಜವಾಗಿಯೇ ದುರ್ಬಲ. ಅದಕ್ಕೇ ತುದಿಗಳಿಗೆ ಮೊದಲು ತೆಳುವಾಗಿ ಅಂಟು ಕುಡಿಸಿ, ಮತ್ತೊಮ್ಮೆ ಬಳಿದು ಜೋಡಿಸುವುದು. ಒಂದು ಉಂಗುರದ ಮೇಲೆ ಇನ್ನೊಂದನ್ನು ಕೂರಿಸುವಾಗ ಗಾರೆಯವನು ಇಟ್ಟಿಗೆ ಕಟ್ಟುವಂತೆ ಕೆಳಗಿನ ಕೂಡಿನ ಮೇಲೆ ಮೇಲಿನ ತುಂಡಿನ ನಡುಭಾಗ ಬರಬೇಕು.

ಹಾಗಾದರೆ 24 ತುದಿಗಳನ್ನೂ ಒಂದಿಷ್ಟೂ ತಪ್ಪಿಲ್ಲದೆ ಕೊಯ್ಯುವವರು ಯಾರು? ಯಾರೂ ಇಲ್ಲ. ಇಲ್ಲಿಯೇ ಕೆಲಸಗಾರರ ಜಾಣ್ಮೆ ಇರುವುದು. ಅವರು ಆರಾರು ತುಂಡುಗಳ ಎರಡು ಅರ್ಧ ಉಂಗುರಗಳನ್ನು ಮಾಡುತ್ತಾರೆ. ಎರಡು ಅರ್ಧಗಳು ಎದುರಾಗುವ ಕಡೆ ಅಂಟು ಹಚ್ಚದೆ, ಸಣ್ಣ ಕಡ್ಡಿಗಳನ್ನು ಇಟ್ಟು ಬಿಗಿಯುತ್ತಾರೆ. ಹೀಗೆ ಮಾಡಿದಾಗ ಅಂಟಿಸಿದ ಹತ್ತು ಕೂಡುಗಳೂ ಬಿಗಿಯಾಗಿ ಕೂರುತ್ತವೆ. ತಪ್ಪೆಲ್ಲ ಉಳಿದ ಎರಡು ಜಾಗಗಳಿಗೆ ಹೋಗಿ ಸೇರುತ್ತದೆ. ಅಂಟು ಒಣಗಿದ ಮೇಲೆ ಸಮತಟ್ಟಾದ ಹಲಗೆಗೆ ಉಪ್ಪುಕಾಗದ ಅಂಟಿಸಿ, ಅರ್ಧ ಉಂಗುರದ ಎರಡು ತುದಿಗಳನ್ನೂ ಒಟ್ಟಿಗೆ ಅದರ ಮೇಲೆ ಉಜ್ಜುತ್ತಾರೆ. ಎರಡೂ ಒಂದೇ ನೇರಕ್ಕೆ ಬಂದವೆಂದರೆ ಅರ್ಧ ಉಂಗುರ ಸರಿಯಾಗಿ 180 ಡಿಗ್ರಿ. 15 ಡಿಗ್ರಿಯನ್ನು ಕರಾರುವಾಕ್ಕಾಗಿ ಅಳೆಯುವುದು ಕಷ್ಟ. ಸರಳರೇಖೆಯನ್ನು ಪರೀಕ್ಷಿಸಲು ಒಂದು ಸ್ಕೇಲು ಸಾಕು.

ತಪ್ಪು ಆಗುತ್ತದೆಂದು ಮೊದಲೇ ಒಪ್ಪಿಕೊಂಡು, ಅದು ಎಲ್ಲಿ ಸೇರಬೇಕೆಂದು ತಾವೇ ಗೊತ್ತುಮಾಡಿ, ಅಲ್ಲಿ ತಿದ್ದುವುದು. ಪ್ರಯೋಗಶಾಲೆಯಲ್ಲಿ ನಾವು ಲೋಲಕದ ಒಂದು ಆಂದೋಲನದ ಬದಲು ಇಪ್ಪತ್ತರ ಕಾಲವನ್ನು ಅಳೆದು ಭಾಗಿಸುವುದೂ ಈ ಜಾತಿಯ ಉಪಾಯವೇ. ಲೇತ್ ಕೆಲಸವೆಂದರೆ ಓದು ಹತ್ತದವರ ಪಾಡು ಎಂದು ಭಾವಿಸಿರುವ ಪೋಷಕರು ಇದನ್ನು ಒಮ್ಮೆ ಯೋಚಿಸಬೇಕು. ವೃತ್ತದ ಕೇಂದ್ರದ ಸುತ್ತ 360 ಡಿಗ್ರಿ ಎಂದು ಬರೆದು ಪೂರ್ತಿ ಅಂಕ ಪಡೆಯುವ ಎಷ್ಟೋ ಮಕ್ಕಳಿಗೆ ಹನ್ನೆರಡು ತುಂಡುಗಳನ್ನು ಉಂಗುರವಾಗಿ ಕೂಡಿಸಲು ಬಾರದು. ಕೈಯಿಂದ ಮಾಡಿ ನೋಡದ ಗಣಿತ ಪರೀಕ್ಷೆ ಮುಗಿದ ವಾರವೇ ಮರೆತುಹೋಗುತ್ತದೆ.

ಲೇತ್ ಅನ್ನು ಬಲ್ಲವರ ಕಣ್ಣೆದುರಲ್ಲಿ, ಕಣ್ಣಿಗೆ ರಕ್ಷಣೆ ಧರಿಸಿ, ಸಡಿಲ ತೋಳು, ದುಪಟ್ಟಾ, ಬಿಚ್ಚುಗೂದಲು ಇಲ್ಲದೆ ಮಾತ್ರ ಮುಟ್ಟಬೇಕು. ಆದರೆ ಉಂಗುರದ ಲೆಕ್ಕಕ್ಕೆ ಲೇತ್ ಬೇಕಾಗಿಲ್ಲ. ಹಳೆಯ ನೋಟ್‌ಬುಕ್ಕಿನ ರಟ್ಟು ಸಾಕು. ಹೊರಬದಿ 6.4 ಸೆಂ.ಮೀ., ಒಳಬದಿ 4.8 ಸೆಂ.ಮೀ., ಅಗಲ 3 ಸೆಂ.ಮೀ. ಇರುವ ತ್ರಾಪಿಜ್ಯಗಳನ್ನು ಒಂದೊಂದಾಗಿ ಅಳೆದು ಗೆರೆ ಎಳೆದು ಹನ್ನೆರಡು ಕತ್ತರಿಸಿ. ಒಂದನ್ನೇ ಅಚ್ಚಾಗಿಟ್ಟು ಉಳಿದವನ್ನು ಗೀಚಬಾರದು. ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಜೋಡಿಸಿ. ಕೊನೆಯಲ್ಲಿ ಸಂದಿ ಉಳಿದರೆ ಕೋನಮಾಪಕದಿಂದ ಅಳೆದು 24ರಿಂದ ಭಾಗಿಸಿ. ಒಂದು ತುದಿಗೆ ಸರಾಸರಿ ಎಷ್ಟು ತಪ್ಪಾಯಿತೆಂದು ತಿಳಿಯುತ್ತದೆ. ಮುಂದೆ ಅರ್ಧ ಉಂಗುರದ ಉಪಾಯದಿಂದ ಅದನ್ನು ಸರಿಪಡಿಸಿ ನೋಡಿ.

ಮಗು ಅಂಥ ಸಂದಿ ಬಿದ್ದ ಉಂಗುರವನ್ನು ತಂದು ತೋರಿಸಿದರೆ ತಂದೆ–ತಾಯಿಯರು ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. "ಸಂದಿ ಎಷ್ಟು ಡಿಗ್ರಿ ಇದೆ, ಅಳೆದೆಯಾ?" ಎಂದು ಕೇಳಿ.