ತೃಪ್ತಿಯ ಅಂಕ ಯಾರ ಲೆಕ್ಕಕ್ಕೆ?

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಮಾನ್ಯತೆ ನೀಡುವ ನ್ಯಾಕ್ 2017ರಲ್ಲಿ ತನ್ನ ಮೌಲ್ಯಮಾಪನ ಪದ್ಧತಿಯನ್ನು ಪರಿಷ್ಕರಿಸಿದಾಗ ‘ವಿದ್ಯಾರ್ಥಿ ತೃಪ್ತಿ ಸಮೀಕ್ಷೆ’ಯನ್ನೂ ಸೇರಿಸಿತು. ಇಮೇಲ್‌ನಲ್ಲಿ ಬರುವ 21 ಪ್ರಶ್ನೆ. ಸಿಲಬಸ್ ಎಷ್ಟು ಮುಗಿಯಿತು, ಅಧ್ಯಾಪಕರು ತಯಾರಾಗಿ ಬರುತ್ತಾರೆಯೇ, ಇಂಟರ್ನಲ್ಸ್‌ನಲ್ಲಿ ನ್ಯಾಯ ಸಿಕ್ಕಿತೇ, ಎಷ್ಟು ಮಂದಿ ಪ್ರೊಜೆಕ್ಟರ್ ಬಳಸುತ್ತಾರೆ? ಬಹುಪಾಲು ಪ್ರಶ್ನೆಗಳು ಬೆರಳು ತೋರುವುದು ತರಗತಿಯಲ್ಲಿ ನಿಂತವರತ್ತ. ಅವರನ್ನು ಅಲ್ಲಿ ನಿಲ್ಲಿಸಿದವರತ್ತ ಅಲ್ಲ.

ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನೇ ನೋಡಿ. ಅವು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಸೇವೆ ಕಾಯಂಗೊಳಿಸಿ ಎಂದು 2023ರ ಕೊನೆಯಲ್ಲಿ ಅವರು ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಡೆ ಪಾಠವೇ ನಿಂತಿತು. ಆ ವರ್ಷ ಸಿಲಬಸ್ ಪ್ರಶ್ನೆಗೆ ವಿದ್ಯಾರ್ಥಿಯೊಬ್ಬ ನಿಜ ಬರೆದಿದ್ದರೆ ಅಂಕ ಹೋಗುತ್ತಿದ್ದುದು ಕಾಲೇಜಿನದು. ನೇಮಕಾತಿ ಮಾಡದ ಸರ್ಕಾರದ ಕೂದಲೂ ಕೊಂಕುತ್ತಿರಲಿಲ್ಲ.

ಇದೇ ರಾಜ್ಯ 2021ರಲ್ಲಿ ದೇಶದಲ್ಲೇ ಮೊದಲು ಎಂದು ಬೆನ್ನು ತಟ್ಟಿಕೊಂಡು ನಾಲ್ಕು ವರ್ಷದ ಪದವಿ ತಂದಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿತು. ನಡುವೆ ಸಿಕ್ಕಿಕೊಂಡವರ ತೃಪ್ತಿ ಕೇಳುವ ಪ್ರಶ್ನೆ ಆ 21ರಲ್ಲಿಲ್ಲ.

ತೃಪ್ತಿಗೆ ಅಂಕ ಕಟ್ಟಿದರೆ ಏನಾದೀತು ಎಂಬುದನ್ನು ಬ್ರಿಟನ್ ಕಂಡಿದೆ. ಅಲ್ಲಿ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆ ಶುರುವಾದದ್ದು 2005ರಲ್ಲಿ. ಮೂರೇ ವರ್ಷಕ್ಕೆ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಧ್ವನಿಮುದ್ರಿಕೆಯೊಂದು ಹೊರಬಿತ್ತು: ಕಾಲೇಜು ಕೆಳಗಿಳಿದರೆ ನಿಮ್ಮ ಡಿಗ್ರಿಗೇ ಬೆಲೆಯಿಲ್ಲ, ಒಳ್ಳೆಯ ಅಂಕ ಕೊಡಿ ಎಂದು ಸಿಬ್ಬಂದಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. 2023ರಲ್ಲಿ ಇಂಗ್ಲೆಂಡ್ ‘ಒಟ್ಟಾರೆ ತೃಪ್ತಿ’ಯ ಪ್ರಶ್ನೆಯನ್ನೇ ಕೈಬಿಟ್ಟಿತು. ನಮ್ಮಲ್ಲಿ ಯಾವ ವಿದ್ಯಾರ್ಥಿಗಳನ್ನು ಕೇಳಬೇಕೆಂಬುದಕ್ಕೆ ಇಮೇಲ್ ಪಟ್ಟಿ ಒದಗಿಸುವುದು ಕಾಲೇಜೇ. ಹೇಳಿಕೊಡುವ ಪಾಠಕ್ಕೆ ಅವಕಾಶ ಎಷ್ಟಿದೆಯೆಂದು ಊಹಿಸಬಹುದು.

ಹಾಗಂತ ‘ಹುಡುಗರಿಗೇನು ಗೊತ್ತು’ ಎಂಬ ಹಿರಿಯ ಪ್ರಾಧ್ಯಾಪಕರ ಗೊಣಗಾಟಕ್ಕೆ ಸೊಪ್ಪು ಹಾಕಬೇಕಿಲ್ಲ. ಮೂರು ವರ್ಷ ಅದೇ ಬೆಂಚಿನ ಮೇಲೆ ಕೂತವರಿಗೆ ಗೊತ್ತಿಲ್ಲದ್ದು ಎರಡು ದಿನಕ್ಕೆ ಬಂದು ಹೋಗುತ್ತಿದ್ದ ಪರಿಶೀಲನಾ ತಂಡಕ್ಕೆ ಗೊತ್ತಾಗುತ್ತಿತ್ತೇ?

ಗ್ರೇಡ್‌ಗಳನ್ನು ಬಿಟ್ಟು ‘ಮಾನ್ಯತೆ ಇದೆ, ಇಲ್ಲ’ ಎಂಬ ಎರಡೇ ತೀರ್ಪಿನ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರಲ್ಲಿ ಪ್ರಕಟಿಸಿತು. ಪ್ರಶ್ನೆಗಳನ್ನು ತಿದ್ದಲು ಇದೇ ಸಮಯ. ಅಂಕಪಟ್ಟಿ ಎಷ್ಟು ದಿನಕ್ಕೆ ಕೈಸೇರಿತು, ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಸೆಮಿಸ್ಟರ್ ಆರಂಭವಾಗಿ ಎಷ್ಟನೇ ವಾರಕ್ಕೆ ಅತಿಥಿ ಉಪನ್ಯಾಸಕರು ಬಂದರು ಎಂದೂ ಕೇಳಲಿ. ಆ ಉತ್ತರಗಳನ್ನು ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ ಇಲಾಖೆಯ ಹೆಸರಿಗೆ ಬರೆದು ಪ್ರಕಟಿಸಲಿ. ನ್ಯಾಕ್ ಇರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ವಿಧಾನಸೌಧಕ್ಕೊಂದು ಪ್ರತಿ ಕಳಿಸಲು ಅಂಚೆ ಖರ್ಚೂ ಹೆಚ್ಚಾಗದು.