ಸ್ವರ ಶೆಲ್ಸಿಯದು, ಲಿಪಿ ಯಾರದು?

ಇಟಲಿಯ ಜಾಚಿಂತೊ ಶೆಲ್ಸಿ ಎಂಬವರ ನಾಲ್ಕನೇ ಸ್ಟ್ರಿಂಗ್ ಕ್ವಾರ್ಟೆಟ್ ಕೇಳಿದ್ದೀರಾ? 1964ರದು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ, ಅಷ್ಟೇ. ಸುಮಾರು ಹತ್ತು ನಿಮಿಷ. ಠಾಣೆಯಲ್ಲಿ ಟ್ರೈನ್ ಹತ್ತಿ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಘಾಟ್ಕೋಪರ್ ಬರುವಷ್ಟರಲ್ಲಿ ಮುಗಿದಿರುತ್ತದೆ.

ಮೊದಲ ಸಲ ಕೇಳುವವರಿಗೆ ಇವರಿನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೋ ಏನೋ ಅನ್ನಿಸಬಹುದು. ತಾಳ ಹಾಕೋಣವೆಂದರೆ ಸಿಗುವುದಿಲ್ಲ. ಒಂದು ಸ್ವರ ಹಿಡಿದು ಅದರೊಳಗೇ ತಡಕಾಡುವುದು, ಆಮೇಲೆ ಕೂದಲೆಳೆಯಷ್ಟು ಮೇಲೇರುವುದು, ಮತ್ತೆ ಅಲ್ಲೇ ತಡಕಾಡುವುದು. ತಂಬೂರಿಯ ಪಕ್ಕ ಕೂತು ಅಭ್ಯಾಸವಿರುವ ನಮ್ಮ ಕಿವಿಗೆ ಇದು ಬೇಗ ಒಗ್ಗೀತು. ವಾದ್ಯಗಳ ತಂತಿಗಳನ್ನು ಬೇರೆಯೇ ಶ್ರುತಿಗೆ ಕಟ್ಟಿಸಿ, ಒಂದೊಂದು ತಂತಿಗೂ ಸ್ವರಲಿಪಿಯಲ್ಲಿ ಪ್ರತ್ಯೇಕ ಸಾಲು ಬರೆದಿದ್ದಾರೆ. ಒಟ್ಟು 16 ತಂತಿ!

ಬರೆದಿದ್ದಾರೆ ಅಂದೆನಲ್ಲ, ಯಾರು? ತಕರಾರು ಇರುವುದೇ ಇಲ್ಲಿ.

ಶೆಲ್ಸಿ ಸಿರಿವಂತ ಮನೆತನದವರು, ರೋಮ್‌ನಲ್ಲಿದ್ದರು. ಒಂಡಿಯೋಲಾ ಎಂಬ ಪುಟ್ಟ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ತೋಚಿದ್ದನ್ನು ನುಡಿಸಿ ಟೇಪ್ ಮಾಡುತ್ತಿದ್ದರು. ಅದನ್ನು ಕೇಳಿ ಲಿಪಿಗಿಳಿಸಲು ದುಡ್ಡು ಕೊಟ್ಟು ಜನರನ್ನಿಟ್ಟುಕೊಂಡಿದ್ದರು. ಅವರಲ್ಲಿ ಮುಖ್ಯರು ವಿಯೇರಿ ತೊಸಾತ್ತಿ. 1988ರಲ್ಲಿ ಶೆಲ್ಸಿ ತೀರಿಕೊಂಡರು. ಮರುವರ್ಷವೇ ತೊಸಾತ್ತಿ, ಶೆಲ್ಸಿ ಅಂದರೆ ನಾನೇ ಎಂದು ಪತ್ರಿಕೆಯೊಂದಕ್ಕೆ ಹೇಳಿ ದೊಡ್ಡ ಗಲಾಟೆ ಎಬ್ಬಿಸಿದರು.

ತೊಸಾತ್ತಿಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾಯಿಲೆ ಬಿದ್ದಿದ್ದಾಗ ಪಿಯಾನೋದ ಒಂದೇ ಮನೆಯನ್ನು ಗಂಟೆಗಟ್ಟಲೆ ಒತ್ತುತ್ತಾ ಕೂರುತ್ತಿದ್ದೆ ಎಂದು ಶೆಲ್ಸಿ ಹೇಳುತ್ತಿದ್ದರು. ಆ ಹಟ ಅವರದೇ. ತೊಸಾತ್ತಿಗೋ ಈ ಬಗೆಯ ಸಂಗೀತವೇ ಹಿಡಿಸುತ್ತಿರಲಿಲ್ಲ. ತಮ್ಮ ಸ್ವಂತಕ್ಕೆ ಅವರು ಬರೆದದ್ದು ಬಾಕ್ಸಿಂಗ್ ಪಂದ್ಯದ ಮೇಲೊಂದು ಒಪೆರಾ (1953)!

ಹಾಗೆಂದು ತೊಸಾತ್ತಿಯನ್ನು ನಕಲು ತೆಗೆಯುವ ಗುಮಾಸ್ತ ಎಂದು ತಳ್ಳಿಹಾಕುವುದೂ ಅನ್ಯಾಯ. ಕೀಬೋರ್ಡಿನ ನಾದವನ್ನು 16 ತಂತಿಗೆ ಹಂಚುವುದು ಹುಡುಗಾಟವಲ್ಲ. ಯಾವ ತಂತಿ, ಕಮಾನು ಎಷ್ಟು ಒತ್ತಬೇಕು, ಎಲ್ಲಿ ಕಂಪಿಸಬೇಕು... ಇವೆಲ್ಲ ಸಂಗೀತ ಬಲ್ಲವರು ಮಾಡಬೇಕಾದ ತೀರ್ಮಾನಗಳು. ಸಂಬಳ ಕೊಟ್ಟಾಯಿತಲ್ಲ ಅನ್ನುವವರಿದ್ದಾರೆ. ನಮ್ಮ ಬ್ಯಾಂಕಿನಲ್ಲಿ ಸಾಲದ ನೋಟ್ ತಯಾರಿಸಿದವನಿಗೂ ಸಂಬಳ ಸಿಗುತ್ತದೆ, ಆದರೂ ಮ್ಯಾನೇಜರ್ ಸಹಿಯ ಜೊತೆಗೆ ಅವನ ಸಹಿಯೂ ಇರಲೇಬೇಕು. ನಾಳೆ ಆಡಿಟ್‌ನವರು ಬಂದರೆ ಇಬ್ಬರನ್ನೂ ಕರೆಯುತ್ತಾರೆ.

ತಮಾಷೆಯೆಂದರೆ, ರಚನಕಾರ ಅನ್ನಿಸಿಕೊಳ್ಳುವುದು ಶೆಲ್ಸಿಗೇ ಇಷ್ಟವಿರಲಿಲ್ಲ. ತಾನು ಬರೀ ತಲುಪಿಸುವವನು ಅನ್ನುತ್ತಿದ್ದರು. ಫೋಟೋ ತೆಗೆಯಲೂ ಬಿಡದೆ, ಒಂದು ಗೆರೆ, ಅದರ ಮೇಲೊಂದು ವೃತ್ತ, ಇದನ್ನೇ ತನ್ನ ಗುರುತಾಗಿ ಕೊಡುತ್ತಿದ್ದರು. ಅಂಥವರ ಹೆಸರಿನ ಕೆಳಗೆ, ಲಿಪಿಗಿಳಿಸಿದವರು ಇಂಥವರು ಎಂದು ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಹಾಕಿದರೆ ಯಾರಿಗೇನು ನಷ್ಟ? ಟೇಪುಗಳು ರೋಮ್‌ನಲ್ಲಿ ಅವರದೇ ಪ್ರತಿಷ್ಠಾನದಲ್ಲಿವೆ. ಒಂದೊಂದನ್ನೂ ಕೃತಿಯ ಪಕ್ಕದಲ್ಲಿಟ್ಟು ಕೇಳಿದರೆ ಯಾವುದು ಯಾರದೆಂದು ಬಹುಪಾಲು ತಿಳಿದೀತು.