ಜೋಡಿ ಅಂತ ಕೊಟ್ಟ ಮಾತ್ರಕ್ಕೆ ಜೋಡಿ ಆಗಲ್ಲ

ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಆರು ಜೀವ. ನಾವು ನಾಲ್ವರು, ಜೊತೆಗೆ ಮಂಡಕ್ಕಿ ಮತ್ತು ಮಿರ್ಚಿ. ಬಿಳೀದು ಮಂಡಕ್ಕಿ, ಕಂದು ಬಣ್ಣದ್ದು ಮಿರ್ಚಿ. ದಾವಣಗೆರೆಯಲ್ಲಿ ಓದೋ ಹುಡುಗರು ಎರಡು ಮೊಲ ತಂದರೆ ಇನ್ನೇನು ಹೆಸರಿಡ್ತಾರೆ ಹೇಳಿ? ಐದನೇ ಸೆಮಿಸ್ಟರ್ ಶುರುವಾದಾಗ ನಮ್ಮಲ್ಲೊಬ್ಬನ ಬರ್ತ್‌ಡೇಗೆ ಉಳಿದ ಮೂವರು ದುಡ್ಡು ಹಾಕಿ ತಂದಿದ್ವಿ. ಅಂಗಡಿಯವರು ಎರಡನ್ನೂ ರಟ್ಟಿನ ಡಬ್ಬಕ್ಕೆ ಹಾಕಿ ಕೊಡ್ತಾ, "ಒಂದು ಗಂಡು, ಒಂದು ಹೆಣ್ಣು. ಜೋಡಿ ಐತೆ, ಆರಾಮಾಗಿ ಇರ್ತಾವೆ" ಅಂದಿದ್ರು. ನಾವು ನಂಬಿದ್ವಿ.

ಎರಡು ತಿಂಗಳು ಆರಾಮಾಗೇ ಇದ್ದವು. ಒಂದರ ಬೆನ್ನ ಮೇಲೆ ಇನ್ನೊಂದು ತಲೆ ಇಟ್ಟು ಮಲಗೋದು, ಒಂದೇ ಕೊತ್ತಂಬರಿ ದಂಟನ್ನು ಎರಡು ಕಡೆಯಿಂದ ತಿನ್ನೋದು. ನಮ್ಮ ಸ್ಟೇಟಸ್ ತುಂಬಾ ಅವೇ ಫೋಟೋಗಳು. ಆಮೇಲೆ ಎರಡನೇ ಇಂಟರ್ನಲ್ಸ್ ಹಿಂದಿನ ರಾತ್ರಿ, ಸುಮಾರು 2 ಗಂಟೆಗೆ, ಅಡುಗೆಮನೆಯಿಂದ ಧಡ್ ಧಡ್ ಅಂತ ಸದ್ದು. ಲೈಟ್ ಹಾಕಿ ನೋಡಿದರೆ ನೆಲದ ತುಂಬಾ ತುಪ್ಪಳ. ಎರಡೂ ಒಂದರ ಹಿಂದೊಂದು ಬುಗುರಿ ಹಾಗೆ ಸುತ್ತುತ್ತಿವೆ. ಮಂಡಕ್ಕಿಯ ಕಿವಿ ಹರಿದು ರಕ್ತ. ಬಿಡಿಸೋಕೆ ಬರಿಗೈ ಹಾಕಿದವನಿಗೂ ಕಚ್ಚಿದ್ದಾಯ್ತು.

ಒಂದನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ಬಾತ್‌ರೂಮಿನಲ್ಲಿ ಇಟ್ಟು ನಾವು ಮೀಟಿಂಗ್ ಕೂತ್ವಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಆ ಗಾದೆಗೆ ನಮ್ಮ ಮನೆಯಲ್ಲಿ ನಿಜವಾದ ಮೊಲಗಳೇ ಸಿಕ್ಕಿದ್ದವು. "ಮಿರ್ಚೀನ ಯಾರಿಗಾದ್ರೂ ಕೊಟ್ಟುಬಿಡೋಣ" ಅಂತ ಒಬ್ಬ. "ಬೇಡ, ಇನ್ನೊಂದು ಹೆಣ್ಣು ಮೊಲ ತಂದ್ರೆ ತಣ್ಣಗಾಗ್ತವೆ" ಅಂತ ಇನ್ನೊಬ್ಬ. "ಲೇ, ಕಾಲೇಜ್ ಹಿಂದಿನ ಹೊಲದಲ್ಲಿ ಬಿಟ್ಟುಬಿಡಿ, ಅಲ್ಲಿ ಮೊಲ ಓಡಾಡ್ತವೆ, ಅವೇ ಫ್ರೆಂಡ್ಸ್ ಆಗ್ತವೆ" ಅಂತ ಮೂರನೆಯವನು. ನಾಲ್ಕನೆಯವನು ಕಚ್ಚಿಸಿಕೊಂಡ ಕೈಗೆ ನೀರು ಬಿಡ್ತಾ ಇದ್ದ.

ಆ ಮೂರೂ ಮಾತನ್ನು ಇಲ್ಲಿ ಬರೆಯೋಕೆ ಕಾರಣ ಇದೆ. ಆಮೇಲೆ ಕ್ಯಾಂಪಸ್‌ನಲ್ಲಿ ಮೊಲ ಸಾಕಿರೋ ಯಾರನ್ನು ಕೇಳಿದ್ರೂ ಇವೇ ಮೂರು ಐಡಿಯಾ ಬಂದವು. ಮೂರೂ ತಪ್ಪು ಅನ್ನೋದು ಈಗ ನಮ್ಮ ಅಭಿಪ್ರಾಯ. ಜಗಳಕ್ಕೆ ಬಿದ್ದ ಮೊಲಕ್ಕೆ ಹೊಸ ಜೊತೆ ಹುಡುಕೋದು ಬೇರೆ, ಅದನ್ನು ನಮ್ಮ ಕೈಯಿಂದ ದಾಟಿಸಿಕೊಳ್ಳೋ ಗಿರಾಕಿ ಹುಡುಕೋದು ಬೇರೆ. ಜೊತೆ ಹುಡುಕ್ತಿದ್ದೀವಿ ಅಂತ ಹೇಳಿಕೊಂಡು ನಾವು ಸಾಮಾನ್ಯವಾಗಿ ಮಾಡೋದು ಎರಡನೆಯದನ್ನೇ.

ಮೊದಲು ಹೊಲದ ಮಾತು. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಅಂತೀವಿ, ಆದರೆ ಎರಡೂ ಬೇರೆ ಬೇರೆ ಪ್ರಾಣಿ. ನಮ್ಮ ಹೊಲ, ಕುರುಚಲು ಕಾಡಿನ ಮೊಲ ಬಿಲ ತೋಡಲ್ಲ, ಹೆಚ್ಚಾಗಿ ಒಂಟಿಯಾಗೇ ಇರುತ್ತೆ, ಅದರ ಮರಿ ಮೈತುಂಬಾ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತೆ. ಅಂಗಡಿಯಲ್ಲಿ ಮಾರೋ ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಅದು ಬಿಲ ತೋಡಿ ಗುಂಪಿನಲ್ಲಿ ಬದುಕೋ ಜಾತಿ. ಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣೂ ತೆರೆದಿರಲ್ಲ. ಇವೆರಡಕ್ಕೂ ಸಂಬಂಧ ಕೂಡಿ ಮರಿ ಆಗೋದೂ ಇಲ್ಲ. ಹೊಲದಲ್ಲಿ ಬಿಟ್ಟ ಮಿರ್ಚಿಗೆ ಅಲ್ಲಿ ಸಿಗ್ತಿದ್ದದ್ದು ಫ್ರೆಂಡ್ಸ್ ಅಲ್ಲ, ನಾಯಿ ಮತ್ತು ಹದ್ದು. ಇನ್ನೊಂದು ವಿಷಯ, ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಸಾಕುಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.

ಇನ್ನು ಹೆಣ್ಣು ಮೊಲ ತರೋ ಐಡಿಯಾ. ಮಾರನೇ ದಿನ ಡಾಕ್ಟ್ರ ಹತ್ತಿರ ಹೋದಾಗ ಅವರು ಎರಡನ್ನೂ ಮಗುಚಿ ನೋಡಿ ನಕ್ಕರು. "ಎರಡೂ ಗಂಡು ಕಣ್ರಪ್ಪ." ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸೋದು ಕಷ್ಟ, ಅಂಗಡಿಯವರೂ ತಪ್ತಾರೆ ಅಂದ್ರು. ಮೊಲಗಳು ಸುಮಾರು ಮೂರೂವರೆಯಿಂದ ಆರು ತಿಂಗಳ ಒಳಗೆ ಪ್ರಾಯಕ್ಕೆ ಬರ್ತವೆ. ಅಲ್ಲಿವರೆಗೆ ಒಂದೇ ತಟ್ಟೆಯಲ್ಲಿ ತಿಂದವು ಆಮೇಲೆ ಜಾಗಕ್ಕೆ ಹೊಡೆದಾಡ್ತವೆ. ಗದ್ದದ ಕೆಳಗಿನ ಗ್ರಂಥಿಯಿಂದ ಕುರ್ಚಿ ಕಾಲು, ಬಾಗಿಲು, ನಮ್ಮ ಚಪ್ಪಲಿ ಎಲ್ಲಕ್ಕೂ ಉಜ್ಜಿ ಇದು ನಂದು ಅಂತ ಗುರುತು ಹಾಕ್ತವೆ. ಅಂದ್ರೆ ಮಿರ್ಚಿ ಕೆಟ್ಟದ್ದೂ ಅಲ್ಲ, ಮಂಡಕ್ಕಿ ಪಾಪದ್ದೂ ಅಲ್ಲ. ವಯಸ್ಸು ಬಂದಿತ್ತು, ಅಡುಗೆಮನೆ ಒಂದೇ ಇತ್ತು.

ಈ ಹೊತ್ತಲ್ಲಿ ಹೆಣ್ಣು ಮೊಲ ತಂದಿದ್ರೆ ಎರಡು ಗಂಡಿನ ಜಗಳಕ್ಕೆ ಪೆಟ್ರೋಲ್ ಸುರಿದ ಹಾಗೆ ಆಗ್ತಿತ್ತು. ಅಷ್ಟಕ್ಕೇ ಮುಗೀತಿರಲಿಲ್ಲ. ಮೊಲದ ಗರ್ಭದ ಅವಧಿ ಸುಮಾರು 31 ದಿನ. ಮರಿ ಹಾಕಿದ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ಒಂದು ಸೂಲಿಗೆ ಐದಾರು ಮರಿ ಅಂದುಕೊಂಡು ಒಂದು ಸೆಮಿಸ್ಟರ್‌ಗೆ ಲೆಕ್ಕ ಹಾಕಿ ನೋಡಿ, ಅದಕ್ಕೆ ಕ್ಯಾಲ್ಕುಲೇಟರ್ ಬೇಕಾಗಿಲ್ಲ.

ಡಾಕ್ಟ್ರು ಹೇಳಿದ್ದು, ಹೊಸ ಜೊತೆಯ ಮಾತು ಆಮೇಲೆ, ಮೊದಲು ಸಂತಾನಹರಣ ಆಪರೇಷನ್. ಜೊತೆಗೆ ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಿದ್ರು: "ನಾನು ಹಸು, ಎಮ್ಮೆ, ನಾಯಿ ನೋಡೋನು. ಮೊಲಕ್ಕೆ ಅನಸ್ತೇಸಿಯಾ ಕೊಟ್ಟು ರೂಢಿ ಇಲ್ಲ. ಮೊಲಕ್ಕೆ ಮಾಡಿರೋರನ್ನೇ ಹುಡುಕಿ." ಆ ಮಾತಿಗೆ ನಾವು ಇವತ್ತಿಗೂ ಋಣಿ. ರೂಢಿ ಇರೋರು ಸಿಕ್ಕಿದ್ದು ಬೆಂಗಳೂರಲ್ಲಿ. ಆಪರೇಷನ್ ಮುಂಚೆ ಖಾಲಿ ಹೊಟ್ಟೆ ಇರಬೇಕಾ ಅಂತ ಕೇಳಿದ್ವಿ. ಬೇಡ ಅಂದ್ರು. ಮೊಲಕ್ಕೆ ವಾಂತಿ ಮಾಡೋಕೇ ಆಗಲ್ಲ, ಅದರ ಹೊಟ್ಟೆ ಖಾಲಿ ಇದ್ರೇನೇ ಅಪಾಯ. ಅರ್ಧ ದಿನ ಮೊಲ ಏನೂ ತಿನ್ನದೆ ಕೂತರೆ, ನಾಳೆ ನೋಡೋಣ ಅಂತ ಬಿಡದೆ ಓಡಬೇಕು ಅಂತಲೂ ಹೇಳಿದ್ರು. ಗಂಡಿಗೆ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ಹೆಣ್ಣಿನ ಹತ್ತಿರ ಬಿಡೋ ಹಾಗಿಲ್ಲ. ಹೆಣ್ಣಿಗೂ ಆಪರೇಷನ್ ಮಾಡಿಸೋದು ಒಳ್ಳೇದು, ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳ್ತೀರಿ, ನಮ್ಮ ಕ್ಲಾಸಿನವರೂ ಕೇಳಿದ್ರು: ಕೆಲವು ನೂರು ರೂಪಾಯಿಯ ಮೊಲಕ್ಕೆ ಇಷ್ಟೊಂದು ಖರ್ಚಾ? ಹೌದು, ತಂದ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಆಯ್ತು. ಮಿನಿ ಪ್ರಾಜೆಕ್ಟ್‌ಗೆ ಎತ್ತಿಟ್ಟ ದುಡ್ಡು ಹೋಯ್ತು, ಎರಡು ತಿಂಗಳು ಬೆಣ್ಣೆ ದೋಸೆ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಆದರೆ ಇಂಜಿನಿಯರಿಂಗ್ ಓದೋ ನಮಗೊಂದು ಕೆಟ್ಟ ಅಭ್ಯಾಸ ಇದೆ. ಬೇರಿಂಗ್ ಸವೆದರೆ ಬೇರೆ ಬೇರಿಂಗ್, ಬೋರ್ಡ್ ಸುಟ್ಟರೆ ಬೇರೆ ಬೋರ್ಡ್. ಹಳೇ ಮೊಲ ಹೊಂದಲಿಲ್ಲ ಅಂದ್ರೆ ಬೇರೆ ಮೊಲ ಅನ್ನೋದೂ ಅದೇ ಲೆಕ್ಕ. ಕೊಂಡ ಬೆಲೆಯಲ್ಲಿ ಜೀವವನ್ನು ಅಳೆಯೋದಾದ್ರೆ ಅದನ್ನು ಮನೆಗೆ ತರಲೇಬಾರದಿತ್ತು. ಆ ತಪ್ಪು ನಾವು ಮಾಡಿದ್ದು, ಮೊಲ ಮಾಡಿದ್ದಲ್ಲ.

ಆಪರೇಷನ್ ಆದ ಕೂಡಲೇ ಎಲ್ಲ ಸರಿಹೋಯ್ತು ಅಂತ ಸುಳ್ಳು ಹೇಳಲ್ಲ. ಮಧ್ಯೆ ಕೈ ಅಗಲ ಜಾಗ ಬಿಟ್ಟು ಎರಡು ಜಾಲರಿ ಕಟ್ಟಿ, ಆಚೆ ಈಚೆ ಇಟ್ಟು ಎರಡು ತಿಂಗಳು ಕಾದೆವು. ಒಂದೇ ಜಾಲರಿ ಇದ್ರೆ ಮೂಗು ಕಚ್ಚಿಬಿಡ್ತವೆ. ಆಮೇಲೆ ಎರಡೂ ಯಾವತ್ತೂ ಕಾಲಿಡದ ಜಾಗ ಅಂತ ಓನರ್ ಆಂಟಿಯ ವರಾಂಡದಲ್ಲಿ ಬಿಟ್ವಿ. ಮೂರು ನಿಮಿಷಕ್ಕೆ ಮತ್ತೆ ಅದೇ ಬುಗುರಿ. ಮೂರು ಸಲ ಪ್ರಯತ್ನ ಮಾಡಿ ಕೈಬಿಟ್ವಿ. ಒಮ್ಮೆ ರಕ್ತ ಬರೋ ಹಾಗೆ ಕಾದಾಡಿದ ಕೆಲವು ಜೋಡಿ ಮತ್ತೆ ಸೇರೋದೇ ಇಲ್ಲ. ಸೇರಲೇಬೇಕು ಅಂತ ಹಟ ಹಿಡಿದರೆ ಅದು ನಮ್ಮ ಹಟ, ಅವುಗಳ ಮೈಮೇಲೆ ಗಾಯ. ಮೊಲದ ಗಾಯ ತುಪ್ಪಳದೊಳಗೆ ಮುಚ್ಚಿಹೋಗಿ ಒಳಗೇ ಕೀವು ಕಟ್ಟುತ್ತೆ, ಕೈಯಾಡಿಸಿ ಹುಡುಕಿದರೇ ಗೊತ್ತಾಗೋದು.

ಎರಡಕ್ಕೂ ಬೇರೆ ಬೇರೆ ಜೊತೆ ಹುಡುಕೋದು ಅಂತ ತೀರ್ಮಾನ ಆದದ್ದು ಆವಾಗಲೇ. ಮಂಡಕ್ಕಿಗೆ ದಾರಿ ಸಿಕ್ತು. ಹರಿಹರದಿಂದ ದಿನಾ ಓಡಾಡೋ ಜೂನಿಯರ್ ಒಬ್ಬಳ ಮನೆಯಲ್ಲಿ ಆಪರೇಷನ್ ಆಗಿರೋ ಹೆಣ್ಣು ಮೊಲ ಇತ್ತು. ಅದರ ಜೊತೆಗಿದ್ದದ್ದು ತೀರಿಕೊಂಡು ಕೆಲವು ತಿಂಗಳಾಗಿತ್ತು. "ಅದು ಮೂಲೆ ಹಿಡಿದು ಕೂತ್ಬಿಟ್ಟಿದೆ ಅಣ್ಣ" ಅಂದ್ಲು. ಎರಡಕ್ಕೂ ಆಪರೇಷನ್ ಆಗಿರೋ ಒಂದು ಗಂಡು ಒಂದು ಹೆಣ್ಣು, ಹೊಂದಿಕೊಳ್ಳೋ ಸಾಧ್ಯತೆ ಹೆಚ್ಚಿರೋ ಜೋಡಿ ಇದೇ. ಆದರೂ ಹೋದ ದಿನವೇ ಒಟ್ಟಿಗೆ ಬಿಡಲಿಲ್ಲ. ಮತ್ತೆ ಎರಡು ಜಾಲರಿ, ಇದರ ಹುಲ್ಲು ಅದಕ್ಕೆ, ಅದರ ಹಾಸಿಗೆ ಬಟ್ಟೆ ಇದಕ್ಕೆ. ಒಂದರ ವಾಸನೆ ಇನ್ನೊಂದಕ್ಕೆ ರೂಢಿ ಆದ ಮೇಲೆ ಅವರ ತಾರಸಿಯಲ್ಲಿ ಸಂಜೆ ಹತ್ತು ನಿಮಿಷ. ನಡುವೆ ಒಣಹುಲ್ಲಿನ ರಾಶಿ, ಎರಡೂ ಕಡೆ ಬಾಯಿ ಇರೋ ರಟ್ಟಿನ ಡಬ್ಬ, ಕೈಯಲ್ಲಿ ದಪ್ಪ ಟವೆಲ್. ಸ್ವಲ್ಪ ಅಟ್ಟಿಸಿಕೊಂಡು ಹೋಗೋದು, ಮೇಲೆ ಹತ್ತೋದು ನಡೆಯುತ್ತೆ. ಕಿವಿ ಹಿಂದಕ್ಕೆ ಮಡಚಿ, ಬಾಲ ಎತ್ತಿ ಮೇಲೆ ಬಿತ್ತು ಅಂದ್ರೆ ಅವತ್ತಿನ ಕ್ಲಾಸ್ ಮುಗೀತು. ಮೂರನೇ ವಾರ ಹುಡುಗಿ ವಿಡಿಯೋ ಕಳಿಸಿದಳು. ಮಂಡಕ್ಕಿ ತಲೆ ತಗ್ಗಿಸಿ ಕೂತಿದೆ, ಆ ಹೆಣ್ಣು ಅದರ ಹರಿದ ಕಿವಿ ನೆಕ್ತಾ ಇದೆ. ನಮ್ಮಲ್ಲಿ ಯಾರೂ ಏನೂ ಮಾತಾಡಲಿಲ್ಲ, ಒಬ್ಬ ಮಾತ್ರ ಎದ್ದು ಬಾಲ್ಕನಿಗೆ ಹೋದ.

ಮಿರ್ಚಿ ಇನ್ನೂ ನಮ್ಮ ಹತ್ತಿರ ಒಂಟಿಯಾಗೇ ಇದೆ. ಈಗ ನಾವು ಎಂಟನೇ ಸೆಮಿಸ್ಟರ್‌ನಲ್ಲಿದ್ದೀವಿ. ಜೂನ್ ಹೊತ್ತಿಗೆ ಒಬ್ಬ ಪುಣೆಗೆ, ಇಬ್ಬರು ಬೆಂಗಳೂರಿನ ಪಿಜಿಗೆ, ಇನ್ನೊಬ್ಬ ಊರಿಗೆ. ಚೆನ್ನಾಗಿ ನೋಡಿಕೊಂಡರೆ ಸಾಕುಮೊಲ 8ರಿಂದ 12 ವರ್ಷ ಬದುಕುತ್ತೆ. ನಮ್ಮ ಕೋರ್ಸ್ 4 ವರ್ಷ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ನೋಡೋ ಬುದ್ಧಿ ಬರ್ತ್‌ಡೇ ದಿನ ನಮಗೆ ಇರಲಿಲ್ಲ. ಪ್ರತಿ ವರ್ಷ ಇದೇ ಹೊತ್ತಿಗೆ ಕ್ಯಾಂಪಸ್ ಗ್ರೂಪುಗಳಲ್ಲಿ "ಫ್ರೀಯಾಗಿ ಕೊಡ್ತೀವಿ, ಇವತ್ತೇ ಬಂದು ತಗೊಂಡು ಹೋಗಿ" ಅನ್ನೋ ಮೆಸೇಜ್ ಓಡಾಡ್ತವೆ. ಯಾರು ಬಂದ್ರು, ಯಾಕೆ ತಗೊಂಡ್ರು, ಮನೆಯಲ್ಲಿ ಬೇರೆ ಮೊಲ ಇದೆಯಾ, ಅದು ಗಂಡಾ ಹೆಣ್ಣಾ, ಯಾರೂ ಕೇಳಲ್ಲ. ಜಗಳಕ್ಕೆ ಬಿದ್ದ ಮೊಲವನ್ನು ಹೀಗೆ ಕೊಟ್ಟರೆ ಜಗಳದ ವಿಳಾಸ ಬದಲಾಗುತ್ತೆ ಅಷ್ಟೆ.

ನಮ್ಮ ಸಲಹೆ ದೊಡ್ಡದೇನಲ್ಲ. ಮೊಲ ಇರೋ ಫೈನಲ್ ಇಯರ್‌ನವರು ಕೊನೇ ವಾರದ ತನಕ ಕಾಯದೆ ಈಗಲೇ ಶುರುಮಾಡಿ. ವಯಸ್ಸೆಷ್ಟು, ಗಂಡೋ ಹೆಣ್ಣೋ, ಆಪರೇಷನ್ ಆಗಿದೆಯಾ, ಹಿಂದೆ ಕಾದಾಡಿದೆಯಾ, ಇಷ್ಟನ್ನು ಮುಚ್ಚಿಡದೆ ಬರೆಯಿರಿ. ಜಗಳ ಆಡಿತ್ತು ಅಂತ ಹೇಳಿದ್ರೆ ಯಾರೂ ತಗೊಳಲ್ಲ ಅನ್ನೋ ಭಯ ನಮಗೂ ಇದೆ, ಆದರೂ ಹೇಳಬೇಕು. ತಗೊಳ್ಳೋರ ಮನೆಗೆ ಒಮ್ಮೆ ಹೋಗಿ ನೋಡಿ. ಹೊಂದಲಿಲ್ಲ ಅಂದ್ರೆ ವಾಪಸ್ ತಗೋತೀವಿ ಅಂತ ಮಾತು ಕೊಡಿ, ಮತ್ತೆ ಮಾತು ಉಳಿಸಿಕೊಳ್ಳಿ. ಎಷ್ಟು ಹುಡುಕಿದ್ರೂ ಜೊತೆ ಸಿಗದಿದ್ರೆ ಜಾಲರಿ ಆಚೆ ಒಂದು, ಈಚೆ ಒಂದು ನೆರೆಹೊರೆಯಾಗಿ ಬದುಕೋದೂ ಒಂದು ಬದುಕೇ, ದಿನಾ ಒಂದು ಗಂಟೆ ನೆಲದ ಮೇಲೆ ಅವುಗಳ ಜೊತೆ ಕೂರೋ ಮನುಷ್ಯ ಒಬ್ಬ ಇರಬೇಕು ಅಷ್ಟೆ. ಇನ್ನು ಈ ವರ್ಷ ಬರ್ತ್‌ಡೇಗೆ ಮೊಲದ ಜೋಡಿ ತರಬೇಕು ಅಂತಿರೋ ಜೂನಿಯರ್ಸ್‌ಗೆ ಒಂದೇ ಮಾತು: ಬೇಡ್ರೋ, ಕೇಕ್ ತನ್ನಿ.

ಮಿರ್ಚಿಗೆ ಈಗ ಒಂದೂವರೆ ವರ್ಷ. ಗಂಡು, ಆಪರೇಷನ್ ಆಗಿದೆ, ಇನ್ನೊಂದು ಗಂಡಿನ ಜೊತೆ ಕಾದಾಡಿದ್ದಿದೆ. ಪುದೀನ ಕಂಡರೆ ಪ್ರಾಣ, ಮಿಕ್ಸಿ ಸದ್ದು ಕೇಳಿದರೆ ಹಿಂಗಾಲು ನೆಲಕ್ಕೆ ಬಡಿಯುತ್ತೆ. ಆಪರೇಷನ್ ಆಗಿರೋ ಒಂಟಿ ಹೆಣ್ಣು ಮೊಲ ಇರೋ ಮನೆ ನಿಮಗೆ ಗೊತ್ತಿದ್ರೆ ಸಂಜೆ ಕ್ಯಾಂಟೀನ್ ಹಿಂದಿನ ಕಟ್ಟೆ ಹತ್ತಿರ ಬನ್ನಿ, ನಾಲ್ವರಲ್ಲಿ ಒಬ್ಬರಾದ್ರೂ ಇರ್ತೀವಿ. ಇವತ್ತೇ ತಗೊಂಡು ಹೋಗಿ ಅನ್ನಲ್ಲ. ಮೂರು ವಾರ ಕಾಯೋ ತಾಳ್ಮೆ ಇದೆಯಾ ಅಂತ ಮೊದಲು ಕೇಳ್ತೀವಿ. ಜೂನ್ ಒಳಗೆ ಯಾರೂ ಸಿಗದಿದ್ರೆ ಊರಿಗೆ ಹೋಗೋನ ಜೊತೆ ಮಿರ್ಚಿಯೂ ಹೋಗುತ್ತೆ. ಅವನ ಅಮ್ಮನಿಗೆ ಇನ್ನೂ ಹೇಳಿಲ್ಲ.